ಪಾಯಸದ ಪದ

ನಮ್ಮ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವಳು ಅವ್ವ, ಹಂಚುತ್ತಿದ್ದವಳು ಅಜ್ಜಿ. ಕೊಡ್ಲಿಪೇಟೆಯಿಂದ ಎರಡು ಮೈಲಿ ಒಳಗೆ, ಗದ್ದೆಯ ಕಡೆಗೆ ಮುಖ ಮಾಡಿದ್ದ ಹೆಂಚಿನ ಮನೆ. ಒಲೆಯ ಮುಂದೆ ಅವ್ವ ಕುಕ್ಕರುಗಾಲಲ್ಲಿ ಕೂತು ಅಕ್ಕಿರೊಟ್ಟಿ ತಟ್ಟುವಳು. ಅವಳ ಬಲಕ್ಕೆ, ಉಗ್ರಾಣದ ಬಾಗಿಲಿಗೆ ಬೆನ್ನು ಕೊಟ್ಟು ಮಣೆಯ ಮೇಲೆ ಅಜ್ಜಿ. ಬೆಂದ ರೊಟ್ಟಿ ಅವ್ವನ ಕೈಯಿಂದ ಅಜ್ಜಿಯ ಮುಂದಿನ ಬುಟ್ಟಿಗೆ, ಬುಟ್ಟಿಯಿಂದ ನಮ್ಮ ತಟ್ಟೆಗೆ ಬರಬೇಕು. ಉಬ್ಬಿದ್ದು ಅಪ್ಪನಿಗೆ, ಮೆತ್ತಗಿನದು ನನಗೆ, ದಪ್ಪನೆಯದು ಗದ್ದೆ ಕೆಲಸದವರಿಗೆ. ಅಂಚು ಕರಿದಾದದ್ದು, ತಿರುವುವಾಗ ಹರಿದದ್ದು ಬುಟ್ಟಿಯ ತಳದಲ್ಲಿ ಉಳಿಯುತ್ತಿದ್ದವು. ಎಲ್ಲರೂ ಕೈ ತೊಳೆದ ಮೇಲೆ ಅಜ್ಜಿ ಆ ಬುಟ್ಟಿಯನ್ನು ಅವ್ವನ ಕಡೆ ಕಾಲಿನಿಂದ ತಳ್ಳುತ್ತಿದ್ದಳು. ಹೌದು, ಕಾಲಿನಿಂದ. ಅನ್ನದ ಬುಟ್ಟಿಗೆ ಕಾಲು ತಾಗಿದರೆ ನಾವು ಮಕ್ಕಳಾದರೂ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಬರೆದೆ, ಆಯಿತು.

ಇನ್ನು ಆ ಅಜ್ಜಿಯ ಇನ್ನೊಂದು ಮುಖ. ಅವಳ ಹೆಸರು ಹಾಲಮ್ಮ, ಊರಿನ ಬಾಯಲ್ಲಿ ‘ಪದದ ಹಾಲಮ್ಮ’. ಕೊಡ್ಲಿಪೇಟೆಯಿಂದ ಶನಿವಾರಸಂತೆಯವರೆಗೆ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಪುರೋಹಿತರಿಗೆ ಹೇಳಿಕಳಿಸುವ ದಿನವೇ ನಮ್ಮ ಮನೆಗೂ ವೀಳ್ಯ ಬರುತ್ತಿತ್ತು. ಅಜ್ಜಿಯ ಕಂಠ ಇಂಪಿನದೇನಲ್ಲ. ದಪ್ಪ, ತುಸು ಒಡಕು. ಆದರೆ ಅವಳು ಚಪ್ಪರದ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಹೆಣ್ಣೊಪ್ಪಿಸುವ ಪದ ಎತ್ತಿದಳೆಂದರೆ ಪಾತ್ರೆ ತೊಳೆಯುವವರೂ ಕೈ ನಿಲ್ಲಿಸುತ್ತಿದ್ದರು. ಮದುಮಗಳ ಕೈಯನ್ನು ಹಾಲಿನಲ್ಲಿ ಅದ್ದಿ ಅವಳ ಅತ್ತೆಯ ಕೈಗೆ ಕೊಡುವ ಹೊತ್ತಿನ ಪದ ಅದು. ಅಜ್ಜಿ ತಾನೇ ಕಟ್ಟಿದ್ದು:

ಹಸಿವೆಂದು ಹೇಳಾಳು ನಾಚಿಕೆಯ ನನ ಕೂಸು
ಹೊತ್ತಿಗೆ ಕರೆದು ಉಣಿಸವ್ವ, ಬೀಗಿತ್ತಿ
ಹೆತ್ತ ಹೊಟ್ಟೆಯನು ನೆನೆದಾಳು

‘ಹೇಳಾಳು’ ಎಂಬಲ್ಲಿ ಅವಳ ದನಿ ಒಂದು ಕ್ಷಣ ಅನುಮಾನಿಸುತ್ತಿತ್ತು, ಹೇಳುತ್ತಾಳೋ ಇಲ್ಲವೋ, ನನಗೂ ಗೊತ್ತಿಲ್ಲ ಎನ್ನುವಂತೆ. ಅಷ್ಟಕ್ಕೇ ಮದುಮಗಳ ತಾಯಿ ಕುಸಿದು ಕೂರುತ್ತಿದ್ದಳು. ಗಂಡಿನ ಕಡೆಯ ಗಟ್ಟಿಗಿತ್ತಿಯರೂ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಎಷ್ಟೋ ಅತ್ತೆಯರು ಅಜ್ಜಿಯ ಕೈ ಹಿಡಿದು, ‘ಹಾಲಮ್ಮಕ್ಕ, ನಿಮ್ಮಾಣೆಗೂ ಈ ಹುಡುಗೀನ ಮಗಳಂಗೆ ನೋಡ್ಕೊತೀನಿ’ ಎಂದು ಮಾತು ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವರು ಆ ಮಾತು ಉಳಿಸಿಕೊಂಡರು ಕೂಡ. ಆ ಪದದಿಂದಾಗಿ ಈ ಸೀಮೆಯಲ್ಲಿ ನಾಲ್ಕು ಜನ ಸೊಸೆಯಂದಿರಾದರೂ ಹೊತ್ತಿಗೆ ಸರಿಯಾಗಿ ಉಂಡಿದ್ದಾರೆ. ನಮ್ಮ ಅವ್ವ ಮಾತ್ರ ಬುಟ್ಟಿಯ ತಳದ ಕರಿ ರೊಟ್ಟಿ ತಿನ್ನುತ್ತಿದ್ದಳು.

ಈ ಅಜ್ಜಿಗೂ ಅವಳ ಅತ್ತೆ ಹೀಗೇ ಮಾಡಿದ್ದಳಂತೆ, ಅದಕ್ಕೇ ಹಾಗಾದಳಂತೆ ಎಂದು ನೆಂಟರು ಸಮಾಧಾನ ಹೇಳುತ್ತಾರೆ. ನನಗೆ ಈ ಸಮಾಧಾನ ಕಂಡರಾಗದು. ಪೆಟ್ಟು ತಿಂದವರೆಲ್ಲ ಪೆಟ್ಟು ಕೊಡುತ್ತಾರೆನ್ನುವುದಾದರೆ ನಮ್ಮವ್ವ ನನ್ನನ್ನು ದಿನಾ ಬಡಿಯಬೇಕಿತ್ತು. ಅಪ್ಪ ಒಳ್ಳೆಯವನೇ. ಆದರೆ ಅವನ ಒಳ್ಳೆಯತನ ಅಂಗಳದಿಂದ ಮನೆಯೊಳಗೆ ಬರುತ್ತಿರಲಿಲ್ಲ. ‘ಅವ್ವಂಗೆ ಬಾಯಿ ಜೋರು ಅಷ್ಟೆ, ಹೊಟ್ಟೇಲೇನಿಲ್ಲ’ ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಗದ್ದೆಗೆ ಹೊರಟುಬಿಡುತ್ತಿದ್ದ.

ನಾನು ಏಳು ವರ್ಷದವಳಿದ್ದಾಗ ಅಜ್ಜಿಯ ಹಿಂದೆ ಹೇಳುವವಳಾದೆ. ಪದ ಹೇಳುವುದಕ್ಕೆ ಇಬ್ಬರು ಬೇಕು. ಮುಂದೆ ಹೇಳುವವಳು ಒಂದು ಸಾಲು ಹೇಳಿ ಬಿಡುತ್ತಾಳೆ, ಹಿಂದೆ ಹೇಳುವವಳು ಅದೇ ಸಾಲನ್ನು ತಿರುಗಿ ಹೇಳುತ್ತಾಳೆ. ಅಷ್ಟರಲ್ಲಿ ಮುಂದಿನವಳು ಉಸಿರು ತೆಗೆದುಕೊಂಡು ಮುಂದಿನ ಸಾಲು ಕಟ್ಟಿಕೊಳ್ಳಬೇಕು. ಅಜ್ಜಿಯ ಹಳೆಯ ಜೊತೆಗಾತಿ ತೀರಿಕೊಂಡಿದ್ದಳು. ಒಂದು ಸಂಜೆ ನಾನು ಬಚ್ಚಲೊಲೆಗೆ ಸೌದೆ ಹಾಕುತ್ತ ಗುನುಗುತ್ತಿದ್ದದ್ದು ಅಜ್ಜಿಯ ಕಿವಿಗೆ ಬಿತ್ತು. ಮಾರನೆಯ ದಿನವೇ ನನ್ನನ್ನು ಎದುರು ಕೂರಿಸಿಕೊಂಡಳು. ಒಂದು ಸಾಲಿನಲ್ಲಿ ನಾನು ‘ಬೀಗಿತ್ತಿ’ ಬದಲು ‘ಅಮ್ಮಯ್ಯ’ ಎಂದು ನನಗೆ ಚೆಂದ ಕಂಡದ್ದು ಸೇರಿಸಿದೆ. ತಲೆಗೆ ಒಂದು ಮೊಟಕು ಬಿತ್ತು.

“ಹಿಂದೆ ಹೇಳೋಳಿಗೆ ಬುದ್ಧಿ ಇರಬಾರ್ದು ಕಣೆ. ಕಿವಿ ಇದ್ರೆ ಸಾಕು.”

ಆ ಮಾತನ್ನು ನಾನು ಆಮೇಲೆ ಬಹಳ ಸಲ ನನ್ನ ಅನುಕೂಲಕ್ಕೆ ಬಳಸಿಕೊಂಡಿದ್ದೇನೆ.

ಅಜ್ಜಿಯ ಜೊತೆ ಜೀಪಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಮದುವೆಮನೆಗಳಿಗೆ ಹೋಗುವುದೆಂದರೆ ನನಗೆ ಇನ್ನಿಲ್ಲದ ಹೆಮ್ಮೆ. ಅಲ್ಲಿ ನನಗೆ ಬೇರೆ ಎಲೆ, ತಲೆಗೆ ಮುಡಿಯಲು ಕನಕಾಂಬರ, ‘ಹಾಲಮ್ಮನ ಮೊಮ್ಮಗಳು’ ಎಂಬ ಮರ್ಯಾದೆ. ಮನೆಗೆ ಬಂದಮೇಲೆ ಇನ್ನೊಂದು ಸುಖ ಕಾದಿರುತ್ತಿತ್ತು. ಅಜ್ಜಿ ಮಧ್ಯಾಹ್ನ ಅಡ್ಡಾದ ಹೊತ್ತಿನಲ್ಲಿ ಅವ್ವ ಹಿತ್ತಲಿನ ಒರಳಿನ ಮುಂದೆ ಕೂತು ರುಬ್ಬುತ್ತ ನನ್ನನ್ನು ಕರೆಯುತ್ತಿದ್ದಳು.

“ಬಾ ಗಿರಿಜಾ. ನಿನ್ನೆ ಹೇಳಿದ್ದು ಒಂದು ಪದ ಹೇಳು. ಸಣ್ಣಕೆ ಹೇಳು, ಅತ್ತೆ ಎದ್ದಾರು.”

ನಾನು ಹೇಳುತ್ತಿದ್ದೆ. ಅವ್ವ ರುಬ್ಬುತ್ತ, ಕೆಲವು ಕಡೆ ರುಬ್ಬುವುದನ್ನೇ ಬಿಟ್ಟು, ಕೇಳುತ್ತಿದ್ದಳು. ಹಸಿವಿನ ಪದ ಬಂದಾಗಲೂ ಅವಳ ಮುಖದಲ್ಲಿ ವ್ಯಂಗ್ಯ ಕಾಣಿಸಲಿಲ್ಲ. ‘ಎಷ್ಟು ಚೆಂದ ಕಟ್ಟಿದ್ದಾರೆ ನೋಡು’ ಎನ್ನುತ್ತಿದ್ದಳು. ಅತ್ತೆಯನ್ನು ಮೆಚ್ಚಿಕೊಳ್ಳಲು ಅವಳಿಗೆ ಇದ್ದದ್ದು ಅದೊಂದೇ ದಾರಿ ಎಂದು ಈಗ ತೋರುತ್ತದೆ. ಕೂಗಿ ಜರೆದ ಬಾಯಿಯಿಂದಲೇ ಆ ಪದ ಬಂದದ್ದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಪದ ಬೇಕು ಅವಳಿಗೆ.

ಅವ್ವ ಸುಂಟಿಕೊಪ್ಪದ ಕಡೆಯವಳು. ಅವಳ ಅಪ್ಪ, ನನ್ನ ತಾತ ಚನ್ನಪ್ಪ, ಅಲ್ಲಿ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆದುಕೊಂಡು, ಹಣ್ಣು ಕುಯ್ಯುವ ಪಿಕ್ಕಿಂಗ್ ಹೊತ್ತಿನಲ್ಲಿ ತೋಟದಲ್ಲಿ ನಿಂತಿರುವ ಕೆಲಸ. ಆಳುಗಳು ಇರುವ ಲೈನುಮನೆಗಳ ಪಕ್ಕದ ಸಣ್ಣ ಮನೆಯಲ್ಲಿ ತಮಿಳು, ಮಲಯಾಳ, ತುಳು ಎಲ್ಲ ಕಿವಿಗೆ ಬೀಳುತ್ತ ಬೆಳೆದ ಅವ್ವನ ಮಾತು ನಮ್ಮದಕ್ಕಿಂತ ಬೇರೆ. ಅವಳು ‘ಹಾಗೆ’ ಎಂದರೆ ಅಜ್ಜಿ ‘ಹಾಆಗೆ’ ಎಂದು ಎಳೆದು ಆಡಿಕೊಳ್ಳುವಳು. ತಾತ ವರ್ಷಕ್ಕೆರಡು ಸಲ ಬಸ್ಸಿಳಿದು ನಡೆದು ಬರುವನು. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ, ಇಸ್ತ್ರಿಯಿಲ್ಲದ ಬಿಳಿ ಶರಟು. ಅಜ್ಜಿ ಅವನನ್ನು ಜಗಲಿಯಿಂದ ಒಳಗೆ ಕರೆಯುತ್ತಿರಲಿಲ್ಲ. ಹಾಲಿದ್ದ ದಿನವೂ ಕರಿಕಾಪಿಯೇ ಹೊರಗೆ ಬರುತ್ತಿತ್ತು. ತಾತ ಅದನ್ನು ಕುಡಿದು, ‘ಕಾಫಿ ಚೆನ್ನಾಗಿದೆ ತಾಯಿ’ ಎಂದು ಲೋಟವನ್ನು ತಾನೇ ತೊಳೆದಿಟ್ಟು ಹೋಗುವನು.

ಅಜ್ಜಿಗೆ ಅವನ ಮೇಲಿದ್ದ ಸಿಟ್ಟಿಗೆ ಒಂದೇ ಕಾರಣ. ಅವ್ವನ ಮದುವೆಯಲ್ಲಿ ಗಂಡಿನ ಕಡೆಯ ಕೊನೆಯ ಸಾಲಿಗೆ ಪಾಯಸ ಸಾಲಲಿಲ್ಲ. ಆ ಸಾಲಿನಲ್ಲಿ ಅಜ್ಜಿಯ ತವರಿನವರು ಕೂತಿದ್ದರು. ಅಂದಿನಿಂದ ಅವ್ವನಿಗೆ ‘ಪಾಯಸ ಮುಗಿದ ಮನೆಯೋಳು’ ಎಂಬ ಹೆಸರು. ಉಪ್ಪು ಹೆಚ್ಚಾದರೂ ಅದೇ, ದನ ಹಗ್ಗ ಕಿತ್ತರೂ ಅದೇ. ಒಂದು ಮಧ್ಯಾಹ್ನ ಒರಳಿನ ಮುಂದೆ ನಾನು ಅವ್ವನನ್ನು ಕೇಳಿದೆ, ಪಾಯಸ ಯಾಕೆ ಸಾಲಲಿಲ್ಲ ಎಂದು. ಅವ್ವ ರುಬ್ಬುವುದನ್ನು ನಿಲ್ಲಿಸಿ ಗುಂಡುಕಲ್ಲಿನ ಮೇಲೆ ಕೈ ಇಟ್ಟಳು.

“ಹೇಳಿದ್ದಕ್ಕಿಂತ ಜನ ಜಾಸ್ತಿ ಬಂದ್ರು ಮಗಾ. ಇಲ್ಲಿಂದಲೇ ಎರಡು ಲಾರಿ ಹೆಚ್ಚಿಗೆ ಬಂತು. ನಮ್ಮಪ್ಪ ಏನು ಮಾಡ್ಬೇಕು? ನಾನು ಒಳಗೆ ಕಿಟಕಿ ಹತ್ರ ಕೂತಿದ್ದೆ. ಅಪ್ಪ ಅಡುಗೆ ಕೊಟ್ಟಿಗೆ ಹಿಂದೆ ಹೋದ್ರು. ಖಾಲಿ ಕೊಪ್ಪರಿಗೆ ಮುಂದೆ ಒಬ್ಬರೇ ನಿಂತ್ಕೊಂಡು ಅದಕ್ಕೆ ಕೈಮುಗಿದ್ರು. ದೇವರಿಗೆ ಮುಗಿಯೋ ಹಾಗೆ. ಯಾರೂ ನೋಡ್ಲಿಲ್ಲ, ನಾನೊಬ್ಬಳೇ ನೋಡಿದೆ. ಇದನ್ನ ನಿಮ್ಮಪ್ಪಂಗೂ ಹೇಳಿಲ್ಲ.”

ನಾನು ‘ಹೂಂ’ ಎಂದೆ. ಯಾರಿಗೂ ಹೇಳಬೇಡ ಎಂದು ಅವಳು ಅನ್ನಲಿಲ್ಲ. ಅನ್ನುವ ಅಗತ್ಯ ಇದೆಯೆಂದು ಅವಳಿಗೆ ಅನ್ನಿಸಿರಲಿಕ್ಕಿಲ್ಲ.

ನನಗೆ ಒಂಬತ್ತು ತುಂಬಿದ ವರ್ಷ ಅಪ್ಪನ ತಂಗಿ ಸರೋಜತ್ತೆಯ ಮದುವೆ ನಮ್ಮ ಅಂಗಳದಲ್ಲೇ ಆಯಿತು. ನಮ್ಮ ಕಡೆ ಬೀಗರು ಊಟಕ್ಕೆ ಕೂತಾಗ ಅವರನ್ನು ಆಡಿಕೊಳ್ಳುವ ಪದ ಹೇಳುವ ರೂಢಿ. ಬೀಗನ ಬೊಜ್ಜು, ಬೀಗಿತ್ತಿಯ ಹಲ್ಲು, ಅವರು ತಂದ ಸೀರೆಯ ಬಣ್ಣ, ಯಾವುದನ್ನೂ ಬಿಡುವಂತಿಲ್ಲ. ಯಾರೂ ಬೇಜಾರು ಮಾಡಿಕೊಳ್ಳುವಂತಿಲ್ಲ. ಬೇಜಾರು ಮಾಡಿಕೊಂಡವನೇ ಸೋತ ಹಾಗೆ. ಮದುವೆಯ ಹಿಂದಿನ ದಿನ ಜಗಲಿಯಲ್ಲಿ ಅಜ್ಜಿ, ನಾನು ಮಾವಿನೆಲೆ ತೋರಣ ಕಟ್ಟುತ್ತ ಕೂತಿದ್ದೆವು. ಹೊಸ ಬೀಗರ ಮೇಲಿನ ಪದಗಳೆಲ್ಲ ಮುಗಿದವು. ಅಜ್ಜಿಗೆ ಹುರುಪು ಏರಿತ್ತು.

“ನಾಳೆ ನಿಮ್ಮ ತಾತಾನೂ ಬರ್ತಾನಲ್ಲ. ಅವನೂ ಬೀಗನೇ ತಾನೆ? ಅವನನ್ಯಾಕೆ ಬಿಡಬೇಕು?” ಎಂದು ನಕ್ಕು ಶುರು ಮಾಡಿದಳು.

ಪಾಯಸ ಎಲ್ಲೆಂದ್ರೆ ಕೊಪ್ಪರಿಗೆ ತೋರ್ಯಾನು
ಕೊಪ್ಪರಿಗೆ ತಳದಾಗೆ ಮುಖ ಕಂಡು, ರೈಟರು

ಅಲ್ಲಿಗೆ ನಿಂತಿತು. ಕೊನೆಯ ಸಾಲು ಬರಲೊಲ್ಲದು. ‘ಓಡಿ ಹೋಗ್ಯಾನೆ’ ಎಂದು ನೋಡಿದಳು, ‘ಅತ್ತು ನಿಂತಾನೆ’ ಎಂದು ನೋಡಿದಳು. ‘ಥತ್, ಸಪ್ಪೆ’ ಎಂದು ತಲೆ ಕೊಡವಿದಳು. ನನಗೆ ಆ ಹೊತ್ತಿಗೆ ತಾತ ನೆನಪಾಗಲಿಲ್ಲ, ಅವ್ವ ನೆನಪಾಗಲಿಲ್ಲ ಎಂದು ಬರೆದುಬಿಟ್ಟರೆ ಓದುವವರಿಗೂ ಹಿತ, ನನಗೂ ಹಿತ. ಆದರೆ ನೆನಪಾಯಿತು. ಒರಳು ನೆನಪಾಯಿತು, ಅವ್ವನ ದನಿ ನೆನಪಾಯಿತು. ಅದರ ಜೊತೆಗೇ, ಇದು ಎಷ್ಟು ಚೆನ್ನಾಗಿ ಕೂರುತ್ತದೆ ಎನ್ನುವುದೂ ಹೊಳೆಯಿತು.

“ಅಜ್ಜಿ, ‘ದೇವರೆಂದದಕೆ ಕೈಮುಗಿದ’ ಅಂದ್ರೆ?”

ಅಜ್ಜಿ ತೋರಣ ಕೆಳಗಿಟ್ಟಳು. ಪೂರ್ತಿ ಪದವನ್ನು ಒಮ್ಮೆ ಹೇಳಿ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎದ್ದು ಒಳಗೆ ಹೋಗಿ, ಸೊಂಟದ ಬೀಗದಕೈಯಿಂದ ಉಗ್ರಾಣ ತೆಗೆದು, ಅಂಗೈ ಅಗಲದ ಬೆಲ್ಲದ ತುಂಡು ತಂದು ನನ್ನ ಕೈಗಿಟ್ಟಳು. ಆ ಉಗ್ರಾಣದಿಂದ ಅವ್ವನಿಗೆ ಒಂದು ಚೂರು ಬೆಲ್ಲ ಬೇಕಾದರೂ ಕೇಳಿಯೇ ತೆಗೆದುಕೊಳ್ಳಬೇಕಿತ್ತು.

“ನೀನು ನನ್ನ ಮೊಮ್ಮಗಳು ಕಣೆ! ಇನ್ನು ನೀನು ಹಿಂದೆ ಹೇಳೋಳಲ್ಲ.”

ನಾನು ಆ ದಿನ ಪಟ್ಟಷ್ಟು ಸಂತೋಷವನ್ನು ಆಮೇಲೆ ಯಾವತ್ತೂ ಪಟ್ಟಿಲ್ಲ. ಎಸ್ಸೆಸೆಲ್ಸಿ ಪಾಸಾದಾಗಲೂ ಇಲ್ಲ, ಅಂಚೆ ಕಚೇರಿಯಲ್ಲಿ ಕೆಲಸ ಸಿಕ್ಕಾಗಲೂ ಇಲ್ಲ.

ಮದುವೆಯ ದಿನ ಬೀಗರ ಸಾಲು ಕೂತಿತು. ತಾತನನ್ನು ಅಪ್ಪ ಕೈ ಹಿಡಿದು ಕರೆದು ಅದೇ ಸಾಲಿನಲ್ಲಿ ಕೂರಿಸಿದ್ದ. ಅಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಅವನಿಗೆ ಸಾಲಿನಲ್ಲಿ ಕೂತು ಉಣ್ಣುವ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಶರಟಿಗೆ ಅವತ್ತು ಇಸ್ತ್ರಿ ಇತ್ತು. ಅಜ್ಜಿ ನಡುಮನೆಯ ಹೊಸಿಲಿನಲ್ಲಿ ಕೂತಳು, ಪಕ್ಕದಲ್ಲಿ ನಾನು. ಹೊಸ ಬೀಗರ ಬೊಜ್ಜು, ಸೀರೆ ಎಲ್ಲ ಆಯಿತು. ನಗುವೋ ನಗು. ಅವ್ವ ಪಾಯಸದ ಬಕೆಟ್ಟು, ಸೌಟು ಹಿಡಿದು ಸಾಲಿನ ಆ ತುದಿಯಿಂದ ಬಡಿಸಿಕೊಂಡು ಬರುತ್ತಿದ್ದಳು. ಅಜ್ಜಿ ನನ್ನ ತೊಡೆ ಚಿವುಟಿ ಪಾಯಸದ ಪದ ಎತ್ತಿದಳು. ಮೊದಲ ಸಾಲು ಅವಳು, ತಿರುಗಿ ನಾನು. ಎರಡನೆಯ ಸಾಲು ಅವಳು, ತಿರುಗಿ ನಾನು. ‘ರೈಟರು’ ಎಂದದ್ದೇ ತಡ, ಎಲ್ಲರ ಮುಖ ತಾತನ ಕಡೆ ತಿರುಗಿತು. ಕೊನೆಯ ಸಾಲನ್ನು ಅಜ್ಜಿ ಹೇಳಲೇ ಇಲ್ಲ. ಸುಮ್ಮನೆ ನನ್ನ ಕಡೆ ಕೈ ತೋರಿಸಿದಳು. ಅದನ್ನು ನಾನೊಬ್ಬಳೇ ಹೇಳಿದೆ, ಗಂಟಲು ಬಿಟ್ಟು, ಅಂಗಳದ ಆಚೆಗೂ ಕೇಳುವಂತೆ.

ಚಪ್ಪರ ಹಾರಿಹೋಗುವಂತೆ ನಗು ಎದ್ದಿತು. ಯಾರೋ ಶಿಳ್ಳೆ ಹಾಕಿದರು. ಅವ್ವ ಅಷ್ಟು ಹೊತ್ತಿಗೆ ತಾತನ ಎಲೆಯ ಮುಂದೆ ಬಂದಿದ್ದಳು, ಸೌಟು ತುಂಬಿ ಬಾಗಿದ್ದಳು. ತಾತನೂ ಎಲ್ಲರ ಜೊತೆ ನಗುತ್ತಿದ್ದ. ನಗುತ್ತಲೇ ಎಡಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದ. ಅವ್ವ ಬಾಗಿದವಳು ಬಾಗಿದಂತೆಯೇ ನಿಂತಳು. ಸೌಟಿನಿಂದ ಒಂದು ತೊಟ್ಟು ತಾತನ ಕೈಯ ಮೇಲೆ ಬಿತ್ತು. ಬಿಸಿ ಪಾಯಸ, ಆದರೂ ಅವನು ಕೈ ಸರಿಸಲಿಲ್ಲ. ಅವ್ವ ಒಂದು ಸಲ ತಲೆಯೆತ್ತಿ ಹೊಸಿಲಿನ ಕಡೆ ನೋಡಿದಳು. ಅಜ್ಜಿಯನ್ನಲ್ಲ, ನನ್ನನ್ನು. ಆಮೇಲೆ ಪಕ್ಕದ ಎಲೆಗೆ ಬಡಿಸಲು ಹೋದಳು.

ಊಟ ಮುಗಿದ ಮೇಲೆ ತಾತ ಬಸ್ಸಿಗೆ ಹೊರಟ. ಹೋಗುವ ಮೊದಲು ಹಿತ್ತಲಿಗೆ ಬಂದು ನನ್ನನ್ನು ಹುಡುಕಿದ. ನಾನು ಬಾಳೆಗಿಡದ ಮರೆಗೆ ಸರಿದೆ. ಅವನಿಗೆ ಕಂಡಿತು. ಹತ್ತಿರ ಬಂದು ತಲೆಯ ಮೇಲೆ ಕೈ ಇಟ್ಟ.

“ಸ್ವರ ಬಹಳ ಒಳ್ಳೇದಿದೆ ಮಗೂ. ಬಿಡಬೇಡ.”

ಬಚ್ಚಲಿನಲ್ಲಿ ಅವ್ವ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆಮೇಲೆ ತಾತ ನಮ್ಮ ಮನೆಗೆ ಬರಲಿಲ್ಲ. ಕಿತ್ತಳೆ ಕಾಲದಲ್ಲಿ ಯಾರ ಕೈಯಲ್ಲೋ ಚೀಲ ಬರುತ್ತಿತ್ತು, ತಾತ ಬರುತ್ತಿರಲಿಲ್ಲ. ಅವ್ವನನ್ನು ತವರಿಗೆ ಕಳಿಸುವುದೂ ಅಜ್ಜಿಯ ಕೈಯಲ್ಲೇ ಇದ್ದುದರಿಂದ, ಮದುವೆಯ ದಿನ ಆ ಎಲೆಯ ಮುಂದೆ ಕಂಡದ್ದೇ ಅವರಿಬ್ಬರ ಕೊನೆಯ ಭೇಟಿಯಾಯಿತು. ಎರಡು ವರ್ಷದ ಮೇಲೆ ಸುಂಟಿಕೊಪ್ಪದಿಂದ ಸುದ್ದಿ ಬಂತು. ಅವ್ವ ಹೋಗಿ ಮುಖ ನೋಡಿ ಬಂದಳು.

ಅವ್ವ ನನಗೆ ಒಂದು ಮಾತೂ ಅನ್ನಲಿಲ್ಲ. ಮದುವೆಯ ಮಾರನೆಯ ದಿನವೂ ತಲೆ ಬಾಚಿ ಎರಡು ಜಡೆ ಹಾಕಿದಳು, ಸ್ಕೂಲಿಗೆ ಬುತ್ತಿ ಕಟ್ಟಿದಳು. ನಾನು ಪೆಟ್ಟಿಗಾಗಿ ಕಾದೆ. ಪೆಟ್ಟು ಬರಲಿಲ್ಲ. ವ್ಯತ್ಯಾಸ ಒಂದೇ: ಮಧ್ಯಾಹ್ನ ಒರಳಿನ ಹತ್ತಿರ ನನ್ನನ್ನು ಕರೆಯುವುದನ್ನು ನಿಲ್ಲಿಸಿದಳು. ಒಂದೆರಡು ಸಲ ನಾನೇ ಹೋಗಿ ಪಕ್ಕದಲ್ಲಿ ಕೂತೆ. ‘ಹೋಗು, ಓದ್ಕೊ ಹೋಗು’ ಎಂದಳು. ಅವಳಿಗೆ ಗೊತ್ತಾಗಿರಲಾರದು, ಅಜ್ಜಿಯೇ ಎಲ್ಲಿಂದಲೋ ಕೇಳಿ ಕಟ್ಟಿದ್ದೆಂದು ತಿಳಿದಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು ಹೇಳಿಕೊಂಡು ಅದನ್ನೇ ನಂಬಿದೆ.

ಅಜ್ಜಿ ಸತ್ತಾಗ ನನಗೆ ಹತ್ತೊಂಬತ್ತು. ಅವಳ ಪದಗಳು ಸಾಯಲಿಲ್ಲ. ಹಸಿವಿನ ಪದ ಊರೂರಿಗೂ ಹೋಯಿತು. ಪಾಯಸದ ಪದವೂ ಹೋಯಿತು. ‘ರೈಟರು’ ಇದ್ದಲ್ಲಿ ‘ಮೇಷ್ಟ್ರು’, ‘ಶಾನುಭೋಗ’ ಎಂದು ಯಾರು ಯಾರನ್ನೋ ಕೂರಿಸಿ ಹೇಳುತ್ತಾರೆಂದು ಕೇಳಿದ್ದೇನೆ. ಮದುವೆಮನೆಗಳಲ್ಲಿ ನನ್ನನ್ನು ಹೇಳು ಹೇಳು ಎಂದು ಪೀಡಿಸುತ್ತಿದ್ದರು. ನಾನು ಹೇಳುತ್ತಿರಲಿಲ್ಲ. ಕಾರಣ ಕೇಳಿದರೆ ಅಜ್ಜಿಯ ಬುಟ್ಟಿಯ ಕಥೆ ಹೇಳುತ್ತಿದ್ದೆ. ‘ಸೊಸೆಗೆ ಕಾಲಲ್ಲಿ ಅನ್ನ ತಳ್ಳಿದವಳ ಪದ ನನ್ನ ಬಾಯಲ್ಲಿ ಬರೋದಿಲ್ಲ’ ಎನ್ನುತ್ತಿದ್ದೆ. ಕೆಲವರು, ‘ಹಾಡು ಬೇರೆ, ಹಾಡೋರು ಬೇರೆ ಕಣಮ್ಮ, ಬಾವಿ ಯಾರದಾದ್ರೇನು, ನೀರು ಸಿಹಿ ಇದ್ರಾಯ್ತು’ ಎನ್ನುತ್ತಿದ್ದರು. ಅವರ ಜೊತೆ ನಾನು ಗಂಟೆಗಟ್ಟಲೆ ವಾದ ಮಾಡಿದ್ದೇನೆ. ಎಷ್ಟು ಗಟ್ಟಿ ಹೆಂಗಸು, ಎಂಥ ನ್ಯಾಯ ಎಂದು ಜನ ಮೆಚ್ಚಿದ್ದೂ ಉಂಟು. ನನ್ನ ಸ್ವಂತ ಸಾಲು ಬಾಯಿಗೆ ಬಂದುಬಿಟ್ಟೀತೆಂಬ ಭಯಕ್ಕೆ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದಕ್ಕೆ ನ್ಯಾಯ ಎಂದು ಹೆಸರಿಟ್ಟೆ. ಅಜ್ಜಿ ಸತ್ತಮೇಲೂ ನನಗೆ ಬಹಳ ಉಪಕಾರಕ್ಕೆ ಬಂದಳು.

ಈಗ ಅವ್ವನಿಗೆ ಎಂಬತ್ತಾರು. ಕೊಡ್ಲಿಪೇಟೆಯಲ್ಲಿ ನನ್ನ ಜೊತೆಯಲ್ಲೇ ಇದ್ದಾಳೆ. ರೊಟ್ಟಿ ನಾನು ತಟ್ಟುತ್ತೇನೆ, ಮೊದಲ ರೊಟ್ಟಿ ಅವಳಿಗೆ. ಹೋದ ತಿಂಗಳು ಗೋಣಿಕೊಪ್ಪಲಿನ ಕಡೆಯಿಂದ ಭವ್ಯ ಎಂಬ ಹುಡುಗಿ ಬಂದಳು. ಕಾಲೇಜಿನಲ್ಲಿ ಪಾಠ ಮಾಡುತ್ತ, ಈ ಸೀಮೆಯ ಮದುವೆ ಪದಗಳನ್ನು ಸಂಗ್ರಹ ಮಾಡುತ್ತಿದ್ದಾಳೆ. ನಾನು ಎಂದಿನಂತೆ ಬುಟ್ಟಿಯ ಕಥೆ ಶುರು ಮಾಡುವುದರಲ್ಲಿದ್ದೆ. ಬಾಗಿಲ ಬಳಿ ಕುರ್ಚಿಯಲ್ಲಿ ಮೊರ ಇಟ್ಟುಕೊಂಡು ಬೆಳ್ಳುಳ್ಳಿ ಬಿಡಿಸುತ್ತಿದ್ದ ಅವ್ವ, ‘ಹುಡುಗಿ ಅಷ್ಟು ದೂರದಿಂದ ಬಸ್ಸಲ್ಲಿ ಬಂದಿದಾಳೆ, ಹೇಳು’ ಎಂದಳು. ಸುಮಾರು ಐವತ್ತೈದು ವರ್ಷಗಳ ಮೇಲೆ ಅವ್ವ ನನಗೆ ಪದ ಹೇಳು ಎಂದದ್ದು.

ಹಸಿವಿನ ಪದ ಹೇಳಿದೆ. ಭವ್ಯ ಫೋನನ್ನು ಲೋಟಕ್ಕೆ ಒರಗಿಸಿಟ್ಟು ಕಣ್ಣರಳಿಸಿ ಕೇಳಿದಳು. ಮುಗಿದ ಮೇಲೆ ಪುಸ್ತಕ ತಿರುವಿದಳು.

“ಆಂಟಿ, ಪಾಯಸದ ಪದ ಅಂತ ಒಂದಿದೆಯಂತಲ್ಲ? ಕೊಪ್ಪರಿಗೆಗೆ ಕೈಮುಗಿಯೋದು? ಕೊನೆ ಸಾಲು ಏನು ಚೆನ್ನಾಗಿದೆ! ಮೂಲದಲ್ಲಿ ಹೇಗಿತ್ತು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹಾಲಮ್ಮನವರದೇ ಅಂತಾರೆ.”

“ಅದು ನನಗೆ ನೆನಪಿಲ್ಲ,” ಎಂದೆ.

“ನೆನಪಿದೆ ಅವಳಿಗೆ,” ಎಂದಳು ಅವ್ವ, ಬೆಳ್ಳುಳ್ಳಿಯಿಂದ ತಲೆಯೆತ್ತದೆ.

“ಸುಮ್ನಿರು ಅವ್ವ. ಆ ಮುದುಕಿ ಹೊಟ್ಟೆಕಿಚ್ಚಿಗೆ ಕಟ್ಟಿದ್ದು, ಅದನ್ನ ಯಾಕೆ ಈಗ—”

“ಪದದ ಸುದ್ದಿ ಬಂದಾಗೆಲ್ಲ ನೀನು ಅವರನ್ನ ಬೈತೀಯ. ಬೈಯೋ ಹಾಗೇ ಇದ್ರು, ಇಲ್ಲ ಅನ್ನಲ್ಲ ನಾನು. ಆ ಬುಟ್ಟಿ ನಾನೂ ಮರೆತಿಲ್ಲ. ಆದ್ರೆ ನಮ್ಮಪ್ಪ ಕೈಮುಗಿದದ್ದು ಅವರು ನೋಡಿರಲಿಲ್ಲ ಗಿರಿಜಾ. ನೋಡಿದೋಳು ನಾನೊಬ್ಬಳು. ಹೇಳಿದ್ದು ನಿನಗೊಬ್ಬಳಿಗೆ.”

ಭವ್ಯ ನನ್ನ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಅರವತ್ತು ದಾಟಿದ ಹೆಂಗಸು ನಾನು, ದನಿ ಮಾತ್ರ ಎರಡು ಜಡೆಯ ಹುಡುಗಿಯದು ಹೊರಟಿತು.

“ಯಾವಾಗಿಂದ ಗೊತ್ತು ಅವ್ವ?”

“ಸೌಟು ಕೈಲಿದ್ದಾಗಿಂದ.”

“ಮತ್ತೆ ಯಾಕೆ ಒಂದು ಮಾತೂ ಕೇಳಲಿಲ್ಲ?”

“ಒಂಬತ್ತು ವರ್ಷದ ಕೂಸನ್ನ ಏನಂತ ಕೇಳೋದು? ದೊಡ್ಡೋಳಾದ ಮೇಲೆ ನೀನೇ ಬಂದು ಹೇಳ್ತೀಯ ಅಂದ್ಕೊಂಡೆ.” ಒಂದು ಎಸಳು ಬಿಡಿಸಿ ಮೊರಕ್ಕೆ ಹಾಕಿದಳು. “ಮದುವೆ ಆದ ಮೇಲೆ ಹೇಳ್ತೀಯ ಅಂದ್ಕೊಂಡೆ. ಮಕ್ಕಳಾದ ಮೇಲೆ ಹೇಳ್ತೀಯ ಅಂದ್ಕೊಂಡೆ.”

ತಪ್ಪಾಯಿತು ಎನ್ನುವ ಮಾತು ಐವತ್ತು ವರ್ಷ ತಡವಾಗಿ ಬಂದರೆ ಅದನ್ನು ಎಲ್ಲಿಡುವುದು? ಆದರೂ ಹೇಳಿದೆ. ಅವ್ವ ‘ಹೂಂ’ ಎಂದಳು. ಭವ್ಯ ಪಾಪ, ಕೈ ಚಾಚಿ ಫೋನು ನಿಲ್ಲಿಸಲು ಹೋದಳು.

“ಇರಲಿ ಬಿಡವ್ವ, ನಿಲ್ಲಿಸಬೇಡ,” ಎಂದಳು ಅವ್ವ. “ಅವಳು ಹೇಳ್ತಾಳೆ, ನೀನು ಬರ್ಕೊ. ಪದ ಚೆನ್ನಾಗೇ ಇದೆ, ಅದನ್ನ ಯಾಕೆ ಕಳೀಬೇಕು? ಆದ್ರೆ ಸರಿಯಾಗಿ ಬರ್ಕೊ. ಮೊದಲ ಎರಡು ಸಾಲು ಹಾಲಮ್ಮಂದು. ಕೊನೆ ಸಾಲು ನನ್ನ ಮಗಳು ಗಿರಿಜೆದು. ಕಟ್ಟಿದ್ದು ಸುಂಟಿಕೊಪ್ಪದ ರೈಟರ್ ಚನ್ನಪ್ಪನವರ ಮೇಲೆ. ಹೇಳಿದ್ದಕ್ಕಿಂತ ಎರಡು ಲಾರಿ ಜನ ಹೆಚ್ಚು ಬಂದಿದ್ರು ಅಂತಾನೂ ಬರ್ಕೊ.”

ಭವ್ಯ ಬರೆದುಕೊಂಡಳು. ಬರೆದದ್ದನ್ನು ಅವ್ವ ಓದಿಸಿ ಕೇಳಿದಳು. ತಾತನ ಹೆಸರು ಬಂದಾಗ ತಲೆಯಾಡಿಸಿದಳು.

ನಾನು ಪಾಯಸದ ಪದ ಹೇಳಿದೆ. ಒಂದೊಂದು ಸಾಲು ಹೇಳಿದಾಗಲೂ, ಹಿಂದೆ ಹೇಳುವವರಿಗೆ ಬಿಡುವ ಜಾಗದಲ್ಲಿ ಹಳೆಯ ಅಭ್ಯಾಸದಂತೆ ನಿಂತೆ. ಯಾರೂ ತಿರುಗಿ ಹೇಳಲಿಲ್ಲ. ಹೊರಗೆ ಶನಿವಾರಸಂತೆಯ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಕೊನೆಯ ಸಾಲಿನಲ್ಲಿ ನನ್ನ ದನಿ ಒಡೆಯಿತು. ಅಳುವಿನಿಂದ ಎಂದುಕೊಳ್ಳಬೇಡಿ. ಇಷ್ಟು ವರ್ಷ ಹಾಡದೆ ಬಿಟ್ಟ ಗಂಟಲು, ಮೇಲಿನ ಸ್ವರ ಹತ್ತಲೇ ಇಲ್ಲ. ಮುಗಿಸಿ ಅವ್ವನ ಕಡೆ ನೋಡಿದೆ. ಅವಳು ಮೊರ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡಿದ್ದಳು, ಹಿಂದೆ ಒರಳಿನ ಮುಂದೆ ರುಬ್ಬುವುದನ್ನು ಬಿಟ್ಟು ಕೇಳುತ್ತಿದ್ದ ಹಾಗೆ. ಆಮೇಲೆ ಕಣ್ಣು ತೆರೆದಳು.

“ಸ್ವರ ಹೋಗ್ಬಿಟ್ಟಿದೆಯಲ್ಲೇ ಗಿರಿಜಾ,” ಎಂದಳು. “ಬಿಡಬೇಡ ಅಂದಿದ್ರಲ್ಲ ನಮ್ಮಪ್ಪ.”